ಹಳೆ ಸ್ವಿಫ್ಟ್ ಗಾಡಿಯನ್ನು ಟ್ರ್ಯಾಕ್ ಡೇಗೆ ಸಜ್ಜು ಮಾಡುವುದು: ಬೆಳಗಾವಿಯಿಂದ ಹೋಗಿ ಅದೇ ಗಾಡಿಯಲ್ಲಿ ಮರಳಿ ಬರುವವರಿಗೆ

ನಮ್ಮ ಕಡೆಯಿಂದ ಟ್ರ್ಯಾಕ್ ಡೇಗೆ, ಅಂದರೆ ರೇಸ್ ಟ್ರ್ಯಾಕ್‌ನಲ್ಲಿ ಸ್ವಂತ ಗಾಡಿ ಓಡಿಸಲು ಬಿಡುವ ದಿನಕ್ಕೆ, ಹೋಗುವ ಹಳೆ ಗಾಡಿಗಳು ಹೆಚ್ಚಾಗಿ ಕೈಕೊಡುವುದು ಎರಡೇ ಕಡೆ. ಮೂರನೆಯದೋ ನಾಲ್ಕನೆಯದೋ ಲ್ಯಾಪ್‌ನಲ್ಲಿ ಬ್ರೇಕ್ ಪೆಡಲ್ ನೆಲಕ್ಕೆ ಇಳಿಯುತ್ತದೆ, ಇಲ್ಲವೇ ಎರಡನೇ ಸೆಷನ್‌ನಲ್ಲಿ ಬಾನೆಟ್ ಸಂದಿಯಿಂದ ಹಬೆ ಏಳುತ್ತದೆ. ದುಡ್ಡು ಮೊದಲು ಸೈಲೆನ್ಸರ್, ಕೋನ್ ಫಿಲ್ಟರ್, ಅಲಾಯ್ ವ್ಹೀಲ್‌ಗಳಿಗೆ ಹೋಗಿರುತ್ತದೆ. ಬ್ರೇಕ್ ಆಯಿಲ್ ಸರದಿ ಬರುವಷ್ಟರಲ್ಲಿ ಕಿಸೆ ಖಾಲಿ.

ಟ್ರ್ಯಾಕ್ ಪಕ್ಕದ ಊರಲ್ಲೂ ಇಲ್ಲ. ಕೊಯಮತ್ತೂರು ಹೊರವಲಯದ ಚೆಟ್ಟಿಪಾಳ್ಯಂನಲ್ಲಿರುವ ಕರಿ ಮೋಟಾರ್ ಸ್ಪೀಡ್‌ವೇಗೆ ಬೆಂಗಳೂರು, ಹೊಸೂರು, ಸೇಲಂ ದಾರಿಯಲ್ಲಿ ಬೆಳಗಾವಿಯಿಂದ ಸುಮಾರು 850 ಕಿಮೀ. ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈ ಟ್ರ್ಯಾಕ್ ಕೂಡ ಇಡೀ ದಿನದ ದಾರಿ. ಗಾಡಿ ತನ್ನ ಚಕ್ರದ ಮೇಲೆ ಅಷ್ಟು ದೂರ ಹೋಗಿ, ಅಲ್ಲಿ ಬಡಿತ ತಿಂದು, ಮತ್ತೆ ಅಷ್ಟೇ ದೂರ ಮರಳಬೇಕು. ಹಾಗಾಗಿ ಕೆಲಸದ ಸರದಿ ಹೀಗಿರಲಿ: ಮೊದಲು ಸಡಿಲ, ಆಮೇಲೆ ಬ್ರೇಕ್, ಆಮೇಲೆ ತಂಪು, ಆಮೇಲೆ ಹಿಡಿತ. ಪವರ್ ಈ ಪಟ್ಟಿಯಲ್ಲಿ ಇಲ್ಲ.

ಇಲ್ಲಿನ ಅಳತೆಗಳು 2005ರಿಂದ 2010ರವರೆಗೆ ಬಂದ 1.3 ಲೀಟರ್ ಪೆಟ್ರೋಲ್ ಸ್ವಿಫ್ಟ್‌ನವು. ಜಿ13ಬಿಬಿ ಎಂಜಿನ್, 1298 ಸಿಸಿ, ಗಾಡಿಯ ತೂಕ ಸಾವಿರ ಕೆಜಿ ಆಸುಪಾಸು. ಇದರ ಸಾಮಾನು ಯಾವ ತಾಲೂಕಿನಲ್ಲೂ ಸಿಗುತ್ತದೆ, ಯಾವ ಮಿಸ್ತ್ರಿಗೂ ಗೊತ್ತು. ಝೆನ್, ಸ್ಯಾಂಟ್ರೋ, ಐ10 ಇದ್ದವರಿಗೆ ಅಳತೆ ಬೇರೆ, ಸರದಿ ಇದೇ.

ಪಾನಾ ಹಿಡಿಯುವ ಮೊದಲು: ಕಾಗದಪತ್ರ ಮತ್ತು ಸಲಕರಣೆ

ಗಾಡಿಗೆ 15 ವರ್ಷ ತುಂಬಿದ್ದರೆ ಆರ್‌ಸಿ ನವೀಕರಣ ಆಗಿದೆಯೇ ನೋಡಿ. ಒಮ್ಮೆ ನವೀಕರಿಸಿದರೆ ಐದು ವರ್ಷ. ಕೆಎ 22 ಪ್ಲೇಟಿನ ಹಳೆ ಗಾಡಿ ಹೊರ ರಾಜ್ಯದ ಚೆಕ್‌ಪೋಸ್ಟ್‌ನಲ್ಲಿ ಕಣ್ಣಿಗೆ ಬೀಳುವುದು ಸಹಜ. ಅನುಮತಿ ಇಲ್ಲದೆ ಕಂಪನಿಯ ಮೂಲ ರಚನೆ ಬದಲಿಸುವುದನ್ನು ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಂ ತಡೆಯುತ್ತದೆ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಹೇಳಿದೆ. ಆದ್ದರಿಂದ ಇಲ್ಲಿ ಬಾಡಿ ಕತ್ತರಿಸುವ, ವೆಲ್ಡ್ ಮಾಡುವ ಕೆಲಸ ಯಾವುದೂ ಇಲ್ಲ. ಬಹುತೇಕ ಎಲ್ಲವೂ ಸವೆದದ್ದನ್ನು ತೆಗೆದು ಒಳ್ಳೆಯದನ್ನು ಹಾಕುವ ಕೆಲಸ.

ವಿಮೆಯ ವಿಷಯದಲ್ಲಿ ಭ್ರಮೆ ಬೇಡ. ಖಾಸಗಿ ಕಾರಿನ ಮಾಮೂಲಿ ಪಾಲಿಸಿಯಲ್ಲಿ ರೇಸಿಂಗ್, ವೇಗ ಪರೀಕ್ಷೆ ಹೊರಗಿಟ್ಟ ಬಳಕೆಗಳು. ಟ್ರ್ಯಾಕ್ ಮೇಲೆ ಗೋಡೆಗೆ ಗುದ್ದಿದರೆ ಆ ಖರ್ಚು ನಿಮ್ಮದೇ.

ಸಲಕರಣೆಗೆ ಬಂದರೆ, ಜಾಕ್ ಒಂದನ್ನೇ ನಂಬಿ ಗಾಡಿ ಕೆಳಗೆ ತೂರಬೇಡಿ. ಆಕ್ಸಲ್ ಸ್ಟ್ಯಾಂಡ್ ಕನಿಷ್ಠ ಎರಡು ಬೇಕು. 10, 12, 14, 17, 19ರ ಸಾಕೆಟ್, ಟಾರ್ಕ್ ವ್ರೆಂಚ್, ಬ್ರೇಕ್ ಪೈಪಿನ ಗಾಳಿ, ಹಳೆ ಆಯಿಲ್ ಹೊರಬಿಡುವ (ಬ್ಲೀಡ್ ಮಾಡುವ) ಬ್ಲೀಡರ್ ನಿಪ್ಪಲ್‌ಗೆ ಸರಿಯಾಗಿ ಕೂರುವ ರಿಂಗ್ ಪಾನಾ, ಅರ್ಧ ಮೀಟರ್ ಪಾರದರ್ಶಕ ಪೈಪ್, ವರ್ನಿಯರ್, ನಂಬಿಕೆಯ ಟೈರ್ ಗೇಜ್, ಇನ್‌ಫ್ರಾರೆಡ್ ಥರ್ಮಾಮೀಟರ್. ಡಿಸ್ಕ್ ಅಲುಗಾಟ ಅಳೆಯುವ ಡಯಲ್ ಗೇಜ್ ಕೊಳ್ಳಬೇಕಿಲ್ಲ, ಉದ್ಯಮಬಾಗದ ಯಾವುದೇ ಲೇಥ್ ಅಂಗಡಿಯಲ್ಲಿ ಇರುತ್ತದೆ, ಮ್ಯಾಗ್ನೆಟ್ ಸ್ಟ್ಯಾಂಡ್ ಸಮೇತ ಕೇಳಿ ತರಬಹುದು. ಫೌಂಡ್ರಿ, ಲೇಥ್, ಪ್ರೆಸ್ಸು ಇಷ್ಟು ಹತ್ತಿರ ಸಿಗುವುದು ಬೆಳಗಾವಿಯವರಿಗೆ ದೊಡ್ಡ ಅನುಕೂಲ. ಬಾಗಲಕೋಟೆ, ವಿಜಯಪುರದವರು ಬುಷ್ ಒತ್ತುವುದು, ಲೇಥ್ ಕೆಲಸ ಮುಂತಾದವನ್ನು ಒಂದೇ ಖೇಪಿನಲ್ಲಿ ಮುಗಿಸಿಕೊಳ್ಳುವಂತೆ ಯೋಜಿಸಿ.

ಒಟ್ಟು ಕೆಲಸಕ್ಕೆ ಆರು ವಾರ ಇಟ್ಟುಕೊಳ್ಳಿ. ಕೊನೆಯ ವಾರದಲ್ಲಿ ಹೊಸ ಸಾಮಾನು ಯಾವುದನ್ನೂ ಹಚ್ಚಬೇಡಿ.

ಹಂತ 1: ಸಡಿಲ ಹುಡುಕುವುದು

1. ಮುಂದಿನ ಎರಡೂ ಚಕ್ರ ಎತ್ತಿ ಸ್ಟ್ಯಾಂಡ್ ಕೊಡಿ. ಚಕ್ರವನ್ನು ಗಡಿಯಾರದ 12 ಮತ್ತು 6ರ ಜಾಗದಲ್ಲಿ ಹಿಡಿದು ಅಲುಗಿಸಿ. ಆಟ ಕಂಡರೆ ಬೇರಿಂಗ್ ಅಥವಾ ಬಾಲ್ ಜಾಯಿಂಟ್. ಇನ್ನೊಬ್ಬರು ಬ್ರೇಕ್ ಒತ್ತಿ ಹಿಡಿದಾಗ ಆಟ ನಿಂತರೆ ಬೇರಿಂಗ್, ನಿಲ್ಲದಿದ್ದರೆ ಬಾಲ್ ಜಾಯಿಂಟ್.

2. 9 ಮತ್ತು 3ರ ಜಾಗದಲ್ಲಿ ಹಿಡಿದು ಅಲುಗಿಸಿ. ಇಲ್ಲಿ ಕಾಣುವ ಆಟ ಟೈ ರಾಡ್ ಎಂಡ್ ಅಥವಾ ಸ್ಟೀರಿಂಗ್ ರ‍್ಯಾಕ್‌ನದು.

3. ಲೋವರ್ ಆರ್ಮ್‌ನ ಹಿಂದಿನ ಬುಷ್‌ಗೆ ಟಾರ್ಚ್ ಬಿಟ್ಟು ಉದ್ದನೆಯ ಸಲಾಕೆಯಿಂದ ಮೀಟಿ ನೋಡಿ. ನಮ್ಮ ರಸ್ತೆಯ ಹಂಪ್, ಹೊಂಡಗಳಲ್ಲಿ ಮೊದಲು ಹರಿಯುವುದು ಇದೇ. ಟ್ರ್ಯಾಕ್‌ನಲ್ಲಿ ಜೋರು ಬ್ರೇಕ್ ಹಾಕಿದಾಗ ಗಾಡಿ ಒಂದು ಕಡೆಗೆ ಎಳೆಯಲು ಹೆಚ್ಚಿನ ಸಲ ಈ ಬುಷ್ ಕಾರಣ, ಬೈಗುಳ ಮಾತ್ರ ಬ್ರೇಕಿಗೆ.

4. ಡ್ರೈವ್ ಶಾಫ್ಟ್‌ನ ರಬ್ಬರ್ ಬೂಟ್ ಮಡಿಕೆಗಳನ್ನು ಬಿಡಿಸಿ ನೋಡಿ. ಹೊರಗೆ ಗ್ರೀಸ್ ಎರಚಿದ್ದರೆ ಬೂಟ್ ಹರಿದಿದೆ. ಸ್ಟೀರಿಂಗ್ ಪೂರ್ತಿ ತಿರುಗಿಸಿ ನಿಧಾನ ಓಡಿಸಿದಾಗ ಟಕ್ ಟಕ್ ಎಂದರೆ ಜಾಯಿಂಟೇ ಹೋಗಿದೆ, ಬೂಟ್ ಬದಲಿಸಿ ಉಪಯೋಗವಿಲ್ಲ.

5. ಎಂಜಿನ್ ಮೌಂಟ್, ಬ್ಯಾಟರಿ ಕ್ಲ್ಯಾಂಪ್, ಸೈಲೆನ್ಸರ್ ರಬ್ಬರ್ ನೋಡಿ. ಬ್ಯಾಟರಿಯನ್ನು ತಂತಿಯಿಂದ ಬಿಗಿದ ಗಾಡಿಯನ್ನು ಟ್ರ್ಯಾಕ್‌ಗೆ ಬಿಡುವ ಮುಂಚಿನ ಯಾವ ಸ್ಕ್ರೂಟಿನಿಯಲ್ಲೂ (ತಪಾಸಣೆ) ಒಳಗೆ ಬಿಡುವುದಿಲ್ಲ.

ಹೊಸ ಆರ್ಮ್ ಅಥವಾ ಬುಷ್ ಹಾಕಿದಾಗ ಆಗುವ ತಪ್ಪು ಒಂದೇ, ಆದರೆ ಎಲ್ಲೆಲ್ಲೂ ಆಗುತ್ತದೆ: ಚಕ್ರ ಗಾಳಿಯಲ್ಲಿ ಜೋತಿರುವಾಗಲೇ ಬುಷ್ ಬೋಲ್ಟ್ ಪೂರ್ತಿ ಬಿಗಿಯುವುದು. ಗಾಡಿ ಕೆಳಗಿಳಿದ ಮೇಲೆ ಆ ರಬ್ಬರ್ ಸದಾ ತಿರುಚಿಕೊಂಡೇ ಇರುತ್ತದೆ, ಕೆಲವೇ ತಿಂಗಳಲ್ಲಿ ಹರಿಯುತ್ತದೆ. ಬೋಲ್ಟ್‌ಗಳನ್ನು ಕೈಯಲ್ಲಿ ಕೂರಿಸಿ, ಗಾಡಿಯ ಭಾರ ಚಕ್ರದ ಮೇಲೆ ಬಂದ ನಂತರ ಕೊನೆಯ ಬಿಗಿ ಕೊಡಿ.

ಹಂತ 2: ಬ್ರೇಕ್

ಹೆಚ್ಚು ಸಮಯ ಇಲ್ಲಿಯೇ ಹೋಗಬೇಕು. ಚಾಲಕ ಸೇರಿ 1,100 ಕೆಜಿ ಗಾಡಿಯನ್ನು ಗಂಟೆಗೆ 120 ಕಿಮೀಯಿಂದ 60ಕ್ಕೆ ಇಳಿಸಿದಾಗ ಬ್ರೇಕ್‌ಗಳು ಸುಮಾರು ನಾಲ್ಕೂವರೆ ಲಕ್ಷ ಜೌಲ್ ಶಾಖ ನುಂಗುತ್ತವೆ. ಒಂದೂಕಾಲು ಲೀಟರ್ ತಣ್ಣೀರನ್ನು ಕುದಿಸಲು ಅಷ್ಟು ಸಾಕು. ಅದರ ಬಹುಪಾಲು ಮುಂದಿನ ಎರಡು ಡಿಸ್ಕ್‌ಗಳ ಮೇಲೆ ಬೀಳುತ್ತದೆ, ಲ್ಯಾಪಿಗೆ ಹಲವು ಸಲ, ನಡುವೆ ಆರಲು ಕೆಲವೇ ಸೆಕೆಂಡ್. ಪೇಟೆಯಲ್ಲಿ ಚೆನ್ನಾಗಿರುವ ಬ್ರೇಕ್ ಇಲ್ಲಿ ಸೋಲುವುದು ಇದಕ್ಕೇ.

1. ಕ್ಯಾಲಿಪರ್ (ಪ್ಯಾಡ್‌ಗಳನ್ನು ಡಿಸ್ಕ್ ಮೇಲೆ ಒತ್ತುವ ಭಾಗ) ಬಿಚ್ಚಿ ತಂತಿಯಿಂದ ಸ್ಪ್ರಿಂಗ್‌ಗೆ ಕಟ್ಟಿ. ಹೋಸ್ ಮೇಲೆ ಜೋತು ಬಿಡಬೇಡಿ, ಒಳಪದರ ಹರಿಯುತ್ತದೆ, ಹೊರಗೆ ಕಾಣುವುದಿಲ್ಲ.

2. ಎರಡೂ ಸ್ಲೈಡ್ ಪಿನ್ ಹೊರತೆಗೆಯಿರಿ. ಬೆರಳಿನಿಂದ ಒತ್ತಿದರೆ ಸರಾಗ ಜಾರಬೇಕು. ಒಂದು ಪಿನ್ ಜಾಮ್ ಆದರೆ ಒಳಗಿನ ಪ್ಯಾಡ್ ಮಾತ್ರ ಸವೆಯುತ್ತದೆ, ಆ ಬದಿಯ ಡಿಸ್ಕ್ ಮಾತ್ರ ಕಾಯುತ್ತದೆ. ಬ್ರೇಕ್ ಕ್ಲೀನರ್‌ನಲ್ಲಿ ತೊಳೆದು ಸಿಲಿಕೋನ್ ಗ್ರೀಸ್ ಹಚ್ಚಿ. ಚಕ್ರದ ಬೇರಿಂಗ್‌ಗೆ ಹಾಕುವ ಮಾಮೂಲಿ ಗ್ರೀಸ್ ಹಚ್ಚಿದರೆ ರಬ್ಬರ್ ಉಬ್ಬಿ ಪಿನ್ ಮತ್ತೆ ಸಿಕ್ಕಿಕೊಳ್ಳುತ್ತದೆ.

3. ಡಿಸ್ಕ್ ದಪ್ಪ ಅಳೆಯಿರಿ. ಸವೆದ ಡಿಸ್ಕ್‌ನ ಹೊರ ಅಂಚಿನಲ್ಲಿ ಏಣು ಉಳಿದಿರುತ್ತದೆ. ವರ್ನಿಯರ್ ದವಡೆ ಅದರ ಮೇಲೆ ಕೂತರೆ ಅಳತೆ ಸುಳ್ಳು. ಎರಡೂ ಬದಿಗೆ ಒಂದೊಂದು ನಾಣ್ಯ ಇಟ್ಟು ಅಳೆದು ನಾಣ್ಯಗಳ ದಪ್ಪ ಕಳೆಯಿರಿ. ಕನಿಷ್ಠ ದಪ್ಪ ಡಿಸ್ಕ್ ಮೇಲೆಯೇ ಅಚ್ಚಾಗಿರುತ್ತದೆ. ಅದಕ್ಕಿಂತ ಒಂದು ಮಿಮೀ ಮಾತ್ರ ಹೆಚ್ಚಿದ್ದರೂ ಹೊಸದು ಹಾಕಿ. ಲೇಥ್‌ನಲ್ಲಿ ತೆಳು ಮಾಡಿಸಿದ ಡಿಸ್ಕ್ ಪೇಟೆಗೆ ನಡೆದೀತು, ಟ್ರ್ಯಾಕ್‌ಗೆ ಬೇಡ: ಕಬ್ಬಿಣ ಕಡಿಮೆಯಾದಷ್ಟೂ ಬೇಗ ಕಾಯುತ್ತದೆ.

4. ಹೊಸ ಡಿಸ್ಕ್ ಕೂರಿಸುವ ಮುನ್ನ ಹಬ್ ಮುಖದ ತುಕ್ಕನ್ನು ವೈರ್ ಬ್ರಷ್‌ನಿಂದ ಪೂರ್ತಿ ತೆಗೆಯಿರಿ. ನಟ್ ಬಿಗಿದು ಡಯಲ್ ಗೇಜ್ ಇಟ್ಟು ತಿರುಗಿಸಿ. 0.1 ಮಿಮೀ ಮೀರಿ ಅಲ್ಲಾಡಿದರೆ ಡಿಸ್ಕ್ ಬಿಚ್ಚಿ, ಮತ್ತೆ ಹಬ್ ಒರೆಸಿ, ಡಿಸ್ಕ್ ಅನ್ನು ಒಂದು ತೂತು ಮುಂದೆ ತಿರುಗಿಸಿ ಹಾಕಿ ನೋಡಿ. ಹೊಸ ಡಿಸ್ಕ್ ಹಾಕಿದರೂ ಸ್ಟೀರಿಂಗ್ ನಡುಗುವ ದೂರಿನ ಮೂಲ ಹೆಚ್ಚಾಗಿ ಈ ತುಕ್ಕಿನ ಪದರ.

5. ಪ್ಯಾಡ್ ಆಯ್ಕೆಯಲ್ಲಿ ಅತಿಯಾಸೆ ಬೇಡ. ಪೂರ್ಣ ರೇಸ್ ಪ್ಯಾಡ್ ತಣ್ಣಗಿದ್ದಾಗ ಕಚ್ಚುವುದಿಲ್ಲ, ಹೆದ್ದಾರಿಯಲ್ಲಿ ಎಮ್ಮೆ ಅಡ್ಡ ಬಂದರೆ ಅದೇ ಅಪಾಯ. ತಣ್ಣಗಿದ್ದಾಗಲೂ ಹಿಡಿಯುವ, ಆದರೆ ಮಾಮೂಲಿ ಪ್ಯಾಡ್‌ಗಿಂತ ಹೆಚ್ಚು ಶಾಖ ತಾಳುವ ವೇಗದ ರಸ್ತೆ ದರ್ಜೆಯ ಪ್ಯಾಡ್ ನೋಡಿ. ಅದರ ಮೇಲ್ಮಿತಿ ಪ್ಯಾಕೆಟ್ ಮೇಲೆ ಬರೆದಿರುತ್ತದೆ. ಒಂದು ಜೋಡಿ ಮಾಮೂಲಿ ಪ್ಯಾಡ್ ಡಿಕ್ಕಿಯಲ್ಲಿ ಇರಲಿ.

6. ಹಿಂದಿನ ಡ್ರಮ್ ತೆರೆದು ವ್ಹೀಲ್ ಸಿಲಿಂಡರ್‌ನ ರಬ್ಬರ್ ಟೊಪ್ಪಿಗೆಯ ಅಂಚು ಎತ್ತಿ. ಒಳಗೆ ತೇವ ಕಂಡರೆ ಸಿಲಿಂಡರ್ ಬದಲಿಸಿ, ಒರೆಸಿ ಮುಚ್ಚಬೇಡಿ. ಶೂ ಧೂಳನ್ನು ಬಾಯಿಂದ ಊದಬೇಡಿ, ಗಾಳಿ ಪೈಪನ್ನೂ ಹಿಡಿಯಬೇಡಿ. ತೊಳೆದು ತೆಗೆಯಿರಿ. ಡ್ರಮ್ ಹೊಂದಾಣಿಕೆ ಸಡಿಲವಿದ್ದರೆ ಪೆಡಲ್ ಉದ್ದ ಹೋಗುತ್ತದೆ, ಜನ ಗಾಳಿ ಹೊಕ್ಕಿದೆ ಎಂದುಕೊಂಡು ಬ್ಲೀಡ್ ಮಾಡುತ್ತಲೇ ಇರುತ್ತಾರೆ.

7. ಹೋಸ್‌ಗಳನ್ನು ಬಗ್ಗಿಸಿ ನೋಡಿ. ಬಿರುಕು ಕಂಡರೆ ನಾಲ್ಕನ್ನೂ ಒಟ್ಟಿಗೆ ಬದಲಿಸಿ.

*ಬ್ರೇಕ್ ಆಯಿಲ್*

ಗ್ಯಾರೇಜಿನಲ್ಲಿ ಆಯಿಲ್ ಬದಲಿಸಿ ಎಂದರೆ ಬರುವ ಉತ್ತರ ಒಂದೇ: ‘ಲೆವೆಲ್ ಬರೋಬ್ಬರಿ ಐತ್ರಿ, ಯಾಕ ತೆಗಸ್ತೀರಿ?’ ಲೆವೆಲ್ ನೋಡಿದರೆ ಕುದಿಯುವ ಬಿಂದು ತಿಳಿಯುವುದಿಲ್ಲ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ, ಖಾನಾಪುರ, ಬೆಳಗಾವಿ ಕಡೆಯ ಮಳೆಗಾಲದಲ್ಲಿ ಕೇಳುವುದೇ ಬೇಡ. ಡಾಟ್ 4 ದರ್ಜೆಯ ಆಯಿಲ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿವರೆಗೆ ಕುದಿಯದು. ನೀರು ಹೀರಿದ ಮೇಲೆ ಆ ಕನಿಷ್ಠ 155ಕ್ಕೆ ಇಳಿಯುತ್ತದೆ. ಡಾಟ್ 5.1ಕ್ಕೆ ಈ ಅಂಕಿಗಳು 260 ಮತ್ತು 180. ಕುದಿದರೆ ಪೈಪಿನಲ್ಲಿ ಹಬೆಯ ಗುಳ್ಳೆ. ದ್ರವ ಕುಗ್ಗುವುದಿಲ್ಲ, ಹಬೆ ಕುಗ್ಗುತ್ತದೆ, ಪೆಡಲ್ ನೆಲ ಕಾಣುತ್ತದೆ.

ಸೀಲ್ ಒಡೆಯದ ಡಾಟ್ 4 ಅಥವಾ 5.1ರ ಅರ್ಧ ಲೀಟರಿನ ಎರಡು ಬಾಟಲಿ ಸಾಕು. ಗ್ಯಾರೇಜಿನ ಮೂಲೆಯಲ್ಲಿ ಮುಚ್ಚಳ ಸಡಿಲವಾಗಿ ಕೂತ ಡಬ್ಬಿಯದು ಬೇಡ. ಡಾಟ್ 5 ಎಂದು ಮಾತ್ರ ಬರೆದಿದ್ದರೆ ಅದು ಸಿಲಿಕೋನ್, ನಮ್ಮ ಗಾಡಿಗೆ ಬರುವುದಿಲ್ಲ, ಬೆರೆಸಲೂಬಾರದು.

ಹಳೆ ಆಯಿಲನ್ನು ರಿಸರ್ವಾಯರ್‌ನಿಂದ ಸಿರಿಂಜಿನಲ್ಲಿ ಎಳೆದು ಹೊಸದು ತುಂಬಿ. ಎಡ ಹಿಂದೆ, ಬಲ ಹಿಂದೆ, ಎಡ ಮುಂದೆ, ಬಲ ಮುಂದೆ, ಈ ಕ್ರಮದಲ್ಲಿ ಬ್ಲೀಡ್ ಮಾಡಿ. ಒಬ್ಬರು ಪೆಡಲ್ ಒತ್ತಿ ಹಿಡಿಯಬೇಕು, ಇನ್ನೊಬ್ಬರು ನಿಪ್ಪಲ್ ತೆರೆದು ಮುಚ್ಚಬೇಕು, ಮುಚ್ಚಿದೆ ಎಂದು ಕೂಗಿದ ಮೇಲಷ್ಟೇ ಪೆಡಲ್ ಬಿಡಬೇಕು. ರಿಸರ್ವಾಯರ್ ಒಮ್ಮೆಯೂ ಖಾಲಿಯಾಗಬಾರದು. ಪೆಡಲ್ ಕೆಳಗೆ ಒಂದು ಮರದ ತುಂಡು ಇಡಿ. ವರ್ಷಗಟ್ಟಲೆ ಅರ್ಧದಾರಿ ಮಾತ್ರ ಓಡಾಡಿದ ಮಾಸ್ಟರ್ ಸಿಲಿಂಡರ್‌ನ ಉಳಿದರ್ಧದಲ್ಲಿ ತುಕ್ಕು ಕೂತಿರುತ್ತದೆ, ಪೆಡಲನ್ನು ನೆಲದವರೆಗೆ ಒತ್ತಿದರೆ ಸೀಲ್ ಅದರ ಮೇಲೆ ಉಜ್ಜಿ ಹರಿಯುತ್ತದೆ. ಬ್ಲೀಡ್ ಮಾಡಿದ ಮರುದಿನವೇ ಮಾಸ್ಟರ್ ಸಿಲಿಂಡರ್ ಹೋಯಿತು ಎನ್ನುವ ಗಾಡಿಗಳ ಕಥೆ ಇದು. ಬಣ್ಣದ ಮೇಲೆ ಚೆಲ್ಲಿದರೆ ತಕ್ಷಣ ನೀರು ಸುರಿಯಿರಿ, ಇಲ್ಲವಾದರೆ ಬಣ್ಣ ಏಳುತ್ತದೆ.

ಹಂತ 3: ತಂಪು

ಬೆಳಗಾವಿ ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿದೆ. ಒತ್ತಡ ಹಿಡಿಯದ ರೇಡಿಯೇಟರ್‌ನಲ್ಲಿ ನೀರು ಇಲ್ಲಿ 98 ಡಿಗ್ರಿ ಹತ್ತಿರವೇ ಕುದಿಯುತ್ತದೆ. ಒಳ್ಳೆಯ ಕ್ಯಾಪ್ ಒತ್ತಡ ಹಿಡಿದರೆ ಅದೇ ಬಿಂದು 115 ಡಿಗ್ರಿ ದಾಟುತ್ತದೆ. ಆದ್ದರಿಂದ ರೇಡಿಯೇಟರ್ ಬದಲಿಸುವ ಯೋಚನೆಗೆ ಮುಂಚೆ ಕ್ಯಾಪ್ ಬದಲಿಸಿ. ಹಳೆಯದರ ಮೇಲೆ ಅಚ್ಚಾದ ಒತ್ತಡವೇ ಹೊಸದರ ಮೇಲೂ ಇರಬೇಕು. ಹೆಚ್ಚಿನ ಒತ್ತಡದ್ದು ಹಾಕಿದರೆ ಹಳೆ ಹೋಸ್ ಸಿಡಿಯುತ್ತದೆ.

ರೇಡಿಯೇಟರ್ ಮುಖವನ್ನು ಎಂಜಿನ್ ಕಡೆಯಿಂದ ಹೊರಕ್ಕೆ ನೀರು ಬಿಟ್ಟು ತೊಳೆಯಿರಿ, ಮುಂದಿನಿಂದ ಬಿಟ್ಟರೆ ಕಸ ಇನ್ನೂ ಒಳಗೆ ಹೋಗಿ ಕೂರುತ್ತದೆ. ಕೆಂಪು ಮಣ್ಣು ನೀರಿಗೆ ಕರಗುತ್ತದೆ. ವಿಜಯಪುರ, ಬಾಗಲಕೋಟೆ ಕಡೆಯ ಎರೆ ಮಣ್ಣು ಎಸಿ ಕಂಡೆನ್ಸರ್ ಮತ್ತು ರೇಡಿಯೇಟರ್ ನಡುವೆ ಗಾರೆಯಂತೆ ಹಿಡಿದಿರುತ್ತದೆ, ಕಂಡೆನ್ಸರ್ ಬೋಲ್ಟ್ ಸಡಿಲಿಸಿ ನಡುವೆ ತೊಳೆಯದೆ ಹೋಗದು. ವಾಟರ್ ಸರ್ವಿಸ್ ಗನ್ ಹತ್ತಿರ ಹಿಡಿದರೆ ರೆಕ್ಕೆಗಳು ಮಡಿಚುತ್ತವೆ.

ಥರ್ಮೋಸ್ಟಾಟ್ ತೆಗೆದೇ ಬಿಡಿ ಎನ್ನುವ ಸಲಹೆ ಇನ್ನೂ ಚಾಲ್ತಿಯಲ್ಲಿದೆ. ತೆಗೆಯಬೇಡಿ, ಹೊಸದು ಹಾಕಿ. ಇಲ್ಲದಿದ್ದರೆ ಎಂಜಿನ್ ಹೆದ್ದಾರಿಯಲ್ಲಿ ಸರಿಯಾದ ಶಾಖಕ್ಕೇ ಬರುವುದಿಲ್ಲ, ಪೆಟ್ರೋಲ್ ಕುಡಿಯುತ್ತದೆ. ಕೂಲಂಟ್ ಅರ್ಧ, ಡಿಸ್ಟಿಲ್ಡ್ ನೀರು ಅರ್ಧ ಬೆರೆಸಿ ತುಂಬಿ. ಬೋರ್‌ವೆಲ್ ನೀರಿನ ಸುಣ್ಣ ಒಳಗೆ ಪದರಗಟ್ಟುತ್ತದೆ. ತುಂಬಿದ ನಂತರ ಹೀಟರ್ ಪೂರ್ತಿ ಬಿಸಿಗೆ ಇಟ್ಟು, ಫ್ಯಾನ್ ಎರಡು ಸಲ ಓಡುವವರೆಗೆ ಎಂಜಿನ್ ಚಾಲೂ ಇಡಿ. ತಣ್ಣಗಾದ ಮೇಲೆ ಲೆವೆಲ್ ಮತ್ತೆ ನೋಡಿ. ಒಳಗೆ ಗಾಳಿ ಉಳಿದಿದ್ದರೆ ಲೆವೆಲ್ ಇಳಿದಿರುತ್ತದೆ.

ಮೀಟರಿನ ಟೆಂಪರೇಚರ್ ಸೂಜಿಯನ್ನು ನಂಬಿ ಕೂರಬೇಡಿ. ಸಾಕಷ್ಟು ಏರಿಳಿತ ಆದರೂ ಅದು ನಡುವೆಯೇ ನಿಂತಿರುತ್ತದೆ, ಅಲುಗಾಡುವ ಹೊತ್ತಿಗೆ ತಡವಾಗಿರುತ್ತದೆ. ಅಂಕಿ ತೋರಿಸುವ ಪ್ರತ್ಯೇಕ ಗೇಜ್ ಹಾಕಿ. ಮೇಲಿನ ಹೋಸ್‌ನ ಒಳವ್ಯಾಸವನ್ನು ವರ್ನಿಯರ್‌ನಲ್ಲಿ ಅಳೆದು, ಅದೇ ಅಳತೆಯ, 60 ಮಿಮೀ ಉದ್ದದ ಅಲ್ಯೂಮಿನಿಯಂ ತುಂಡನ್ನು ಲೇಥ್‌ನಲ್ಲಿ ತಿರುವಿಸಿ. ಎರಡೂ ತುದಿಗೆ ಕ್ಲಿಪ್ ಜಾರದಂತೆ ಸಣ್ಣ ಏಣು ಇರಲಿ, ನಡುವೆ ಸೆನ್ಸರ್ ಥ್ರೆಡ್‌ಗೆ ತೂತು. ಸೆನ್ಸರನ್ನೇ ಕೈಯಲ್ಲಿ ಒಯ್ಯಿರಿ, ಅದನ್ನು ನೋಡಿಯೇ ಟ್ಯಾಪ್ ಹೊಡೆಯಲಿ. ಒಂದೇ ವೈರಿನ ಸೆನ್ಸರ್ ಆಗಿದ್ದರೆ ಈ ತುಂಡಿನಿಂದ ಬಾಡಿಗೆ ಇನ್ನೊಂದು ವೈರ್ ಎಳೆಯಬೇಕು. ಎರಡೂ ಬದಿ ರಬ್ಬರ್ ಹೋಸ್ ಇರುವುದರಿಂದ ಅರ್ಥಿಂಗ್ ಸಿಗುವುದಿಲ್ಲ, ಗೇಜ್ ಸತ್ತಂತೆ ಕೂರುತ್ತದೆ. ಗೇಜ್ ಕೆಟ್ಟಿದೆ ಎಂದು ಅಂಗಡಿಗೆ ವಾಪಸ್ ಹೋಗುವುದಕ್ಕೆ ಮುಂಚೆ ಆ ವೈರ್ ನೋಡಿ.

ಹಂತ 4: ಎಂಜಿನ್, ಗೇರ್‌ಬಾಕ್ಸ್

ಟೈಮಿಂಗ್ ಬೆಲ್ಟ್ ಯಾವಾಗ ಬದಲಾಗಿದೆ ಎಂದು ಬಿಲ್ಲಿನಲ್ಲಿ ಕಾಣದಿದ್ದರೆ ಬದಲಾಗಿಲ್ಲ ಎಂದೇ ತಿಳಿಯಿರಿ. ಟೆನ್ಷನರ್, ಕ್ರ್ಯಾಂಕ್ ಮತ್ತು ಕ್ಯಾಮ್‌ನ ಮುಂದಿನ ಸೀಲ್‌ಗಳನ್ನೂ ಆಗಲೇ ಮುಗಿಸಿ, ಹೇಗೂ ಬಿಚ್ಚಿರುತ್ತದೆ. ವಾಲ್ವ್ ಕವರ್ ಗ್ಯಾಸ್ಕೆಟ್ ಒಸರುತ್ತಿದ್ದರೆ ಬದಲಿಸಿ. ಬಿಸಿ ಸೈಲೆನ್ಸರ್ ಮೇಲೆ ಆಯಿಲ್ ತೊಟ್ಟಿಕ್ಕಿದರೆ ಹೊಗೆ, ಹೊಗೆ ಕಂಡರೆ ಟ್ರ್ಯಾಕ್ ಕಾಯುವ ಮಾರ್ಷಲ್ ಬಾವುಟ ಬೀಸಿ ಹೊರಗೆ ಕರೆಯುತ್ತಾರೆ.

ಎಂಜಿನ್ ಆಯಿಲ್ ಹೊಸದು, 10ಡಬ್ಲ್ಯು-40 ಸಾಕು. ಕಡ್ಡಿಯ ಮೇಲಿನ ಗೆರೆಯವರೆಗೆ ತುಂಬಿ, ಅದರ ಮೇಲೆ ಬೇಡ. ಗೆರೆ ಕೆಳಗಿದ್ದರೆ ಉದ್ದನೆಯ ತಿರುವಿನಲ್ಲಿ ಆಯಿಲ್ ಪಕ್ಕಕ್ಕೆ ಸರಿದು ಪಂಪ್ ಗಾಳಿ ಎಳೆಯುತ್ತದೆ. ಗೇರ್‌ಬಾಕ್ಸಿಗೆ 75ಡಬ್ಲ್ಯು-90, ಜಿಎಲ್-4 ದರ್ಜೆ, ಲೆವೆಲ್ ಪ್ಲಗ್ ಅಂಚಿಗೆ ಬರುವಷ್ಟು. ಮೊದಲು ಮೇಲಿನ ಪ್ಲಗ್ ಬಿಚ್ಚಿಕೊಂಡೇ ಕೆಳಗಿನದಕ್ಕೆ ಕೈಹಾಕಿ. ಖಾಲಿ ಮಾಡಿದ ಮೇಲೆ ಮೇಲಿನದು ಬಿಚ್ಚದಿದ್ದರೆ ಗಾಡಿ ಅಲ್ಲೇ ನಿಲ್ಲುತ್ತದೆ.

ಕ್ಲಚ್ ಪರೀಕ್ಷೆ ಸುಲಭ. ನಾಲ್ಕನೇ ಗೇರಿನಲ್ಲಿ 40ರ ವೇಗದಿಂದ ಆಕ್ಸಿಲರೇಟರ್ ಪೂರ್ತಿ ಒತ್ತಿ. ವೇಗ ಏರದೆ ಎಂಜಿನ್ ಸಪ್ಪಳ ಮಾತ್ರ ಏರಿದರೆ ಪ್ಲೇಟ್ ಮುಗಿದಿದೆ.

ಏರ್ ಫಿಲ್ಟರ್ ಕಂಪನಿಯದೇ, ಹೊಸದು. ಕೋನ್ ಫಿಲ್ಟರ್ ಬಾನೆಟ್ ಒಳಗಿನ ಬಿಸಿ ಗಾಳಿ ಎಳೆಯುತ್ತದೆ, ಸಪ್ಪಳ ಕೊಡುತ್ತದೆ, ಮತ್ತೇನನ್ನೂ ಕೊಡುವುದಿಲ್ಲ. ಈ ಎಂಜಿನ್‌ನ 87 ಕುದುರೆಶಕ್ತಿ ಮೊದಲ ಕೆಲವು ಟ್ರ್ಯಾಕ್ ಡೇಗಳಿಗೆ ಬೇಕಾದಷ್ಟಾಯಿತು.

ಹಂತ 5: ಸಸ್ಪೆನ್ಷನ್ ಮತ್ತು ಅಲೈನ್‌ಮೆಂಟ್

ಸ್ಪ್ರಿಂಗ್ ಕತ್ತರಿಸಿ ಗಾಡಿ ಇಳಿಸುವವರು ಈಗಲೂ ಇದ್ದಾರೆ. ಕತ್ತರಿಸಿದ ಸ್ಪ್ರಿಂಗ್ ತುದಿ ಸೀಟಿನಲ್ಲಿ ಕೂರುವುದಿಲ್ಲ, ಚಕ್ರ ಜೋತಾಗ ಸರಿದು ಹೋಗುತ್ತದೆ, ಶಾಕ್ ಅಬ್ಸಾರ್ಬರ್ ಸದಾ ಬಂಪ್ ಸ್ಟಾಪ್ ಮೇಲೆ ಬಡಿಯುತ್ತದೆ. ಇಳಿಸಲೇಬೇಕೆಂದರೆ ಈ ಗಾಡಿಗೆಂದೇ ಬರುವ ಸ್ಪ್ರಿಂಗ್ ತಂದು 25ರಿಂದ 30 ಮಿಮೀಗೆ ನಿಲ್ಲಿಸಿ. ಅದಕ್ಕಿಂತ ಕೆಳಗಾದರೆ ನಿಮ್ಮದೇ ಓಣಿಯ ಹಂಪ್‌ಗೆ ಹೊಟ್ಟೆ ತಾಗುತ್ತದೆ. ಬಜೆಟ್ ಕಡಿಮೆಯಿದ್ದರೆ ಸ್ಪ್ರಿಂಗ್ ಬಿಡಿ, ನಾಲ್ಕೂ ಹೊಸ ಶಾಕ್ ಅಬ್ಸಾರ್ಬರ್, ಮುಂದಿನ ಸ್ಟ್ರಟ್ ಮೌಂಟ್ ಮತ್ತು ಬೇರಿಂಗ್ ಹಾಕಿ. 15 ವರ್ಷದ ಗಾಡಿಯಲ್ಲಿ ಇದರಿಂದ ಆಗುವ ಬದಲಾವಣೆ ಇಳಿಸಿದ್ದಕ್ಕಿಂತ ದೊಡ್ಡದು. ಸ್ಟ್ರಟ್ ಬಿಚ್ಚುವಾಗ ಸ್ಪ್ರಿಂಗ್ ಕಂಪ್ರೆಸರ್ ಎರಡೂ ಬದಿಗೆ ಸಮನಾಗಿ ಹಾಕಿ. ಹಗ್ಗ ಕಟ್ಟಿ ಬಿಚ್ಚುವ ಸಾಹಸಕ್ಕೆ ಹಲ್ಲು, ಕಣ್ಣು ತೆರಬೇಕಾದೀತು.

ಮುಂದಿನ ಚಕ್ರಗಳ ಕ್ಯಾಂಬರ್, ಅಂದರೆ ಎದುರಿನಿಂದ ನೋಡಿದಾಗ ಚಕ್ರ ವಾಲಿದ ಕೋನ, ಕಂಪನಿ ಇಟ್ಟಂತೆ ಸೊನ್ನೆಯ ಆಸುಪಾಸು ಇರುತ್ತದೆ, ಟ್ರ್ಯಾಕ್‌ನಲ್ಲಿ ಟೈರಿನ ಹೊರ ಭುಜ ಉಜ್ಜಿ ಹೋಗುತ್ತದೆ. ಸ್ಟ್ರಟ್ ಮತ್ತು ನಕಲ್ ಸೇರುವಲ್ಲಿ ಎರಡು ಬೋಲ್ಟ್ ಇವೆ, ಅದರಲ್ಲಿ ಒಂದರ ಜಾಗಕ್ಕೆ ಕ್ಯಾಂಬರ್ ಬೋಲ್ಟ್ ಹಾಕಿದರೆ ಮೈನಸ್ ಒಂದೂವರೆ ಡಿಗ್ರಿ ತನಕ ಸಿಗುತ್ತದೆ. ಅಷ್ಟು ಸಾಕು. ಟೋ, ಅಂದರೆ ಮೇಲಿನಿಂದ ನೋಡಿದಾಗ ಚಕ್ರಗಳು ಒಳಕ್ಕೋ ಹೊರಕ್ಕೋ ತಿರುಗಿದ ಅಳತೆ, ಸೊನ್ನೆಗೆ ಇಡಿಸಿ. ಕ್ಯಾಂಬರ್ ಬದಲಾದರೆ ಟೋ ತಾನಾಗಿ ಕೆಡುತ್ತದೆ, ಹಾಗಾಗಿ ಕ್ಯಾಂಬರ್ ಮೊದಲು, ಟೋ ಆಮೇಲೆ. ಹೋಗಿ ಬರುವ 1,700 ಕಿಮೀ ದಾರಿಯಲ್ಲಿ ಟೈರ್ ತಿನ್ನುವುದು ಕ್ಯಾಂಬರ್‌ಗಿಂತ ಹೆಚ್ಚಾಗಿ ತಪ್ಪು ಟೋ. ಹಿಂದಿನ ಟಾರ್ಷನ್ ಬೀಮ್‌ನಲ್ಲಿ ಹೊಂದಿಸಲು ಏನೂ ಇಲ್ಲ. ಅಲೈನ್‌ಮೆಂಟ್ ಅಂಗಡಿಯಲ್ಲಿ ಪ್ರಿಂಟ್ ಕೇಳಿ ಪಡೆಯಿರಿ. ‘ಸರಿ ಮಾಡೀನ್ರಿ’ ಎಂಬ ಮಾತು ಡಿಗ್ರಿಯಲ್ಲಿ ಇರುವುದಿಲ್ಲ.

ಹಂತ 6: ಟೈರ್, ವ್ಹೀಲ್

ಎಲ್‌ಎಕ್ಸ್‌ಐ, ವಿಎಕ್ಸ್‌ಐ ಗಾಡಿಗಳ 165/80 ಆರ್14 ಟೈರಿನ ಹೊರವ್ಯಾಸ ಸುಮಾರು 620 ಮಿಮೀ. ಅದೇ ರಿಮ್‌ಗೆ 185/70 ಆರ್14 ಹಾಕಿದರೆ 615, ಸ್ಪೀಡೋಮೀಟರ್ ಹೆಚ್ಚುಕಡಿಮೆ ಹಾಗೇ ಇರುತ್ತದೆ. 185/65 ಹಾಕಿದರೆ 596ಕ್ಕೆ ಇಳಿದು ಮೀಟರ್ ನಾಲ್ಕು ಶೇಕಡಾ ಹತ್ತಿರ ಹೆಚ್ಚು ತೋರಿಸುತ್ತದೆ. 15 ಇಂಚಿಗೆ ಹೋಗುವವರಿಗೆ 195/60 ಸರಿಹೊಂದುತ್ತದೆ. ಅಲಾಯ್ ಕೊಳ್ಳುವುದಾದರೆ ನಾಲ್ಕು ಬೋಲ್ಟ್, 100 ಮಿಮೀ ಪಿಸಿಡಿ (ಬೋಲ್ಟ್ ತೂತುಗಳು ಕೂತ ವೃತ್ತದ ವ್ಯಾಸ), ನಡುವಿನ ತೂತು 54.1 ಮಿಮೀ. ತೂತು ದೊಡ್ಡದಿದ್ದರೆ ಹಬ್ ರಿಂಗ್ ಹಾಕಲೇಬೇಕು, ಬೇಡವೆನ್ನುವ ಅಂಗಡಿಯಿಂದ ಎದ್ದು ಬನ್ನಿ.

ಟೈರಿನ ಪಕ್ಕದ ನಾಲ್ಕು ಅಂಕಿ ಓದಿ. 1423 ಎಂದರೆ 2023ನೇ ವರ್ಷದ 14ನೇ ವಾರ. ಐದು ವರ್ಷ ದಾಟಿದ್ದರೆ ಟ್ರೆಡ್ ಎಷ್ಟೇ ಉಳಿದಿರಲಿ, ರಬ್ಬರ್ ಗಟ್ಟಿಯಾಗಿರುತ್ತದೆ, ಬಿಟ್ಟುಬಿಡಿ. ವ್ಹೀಲ್ ನಟ್ ಬಿಗಿ 85 ನ್ಯೂಟನ್ ಮೀಟರ್, ಅಡ್ಡ ಅಡ್ಡವಾಗಿ, ಟಾರ್ಕ್ ವ್ರೆಂಚ್‌ನಲ್ಲಿ. ಪಂಚರ್ ಅಂಗಡಿಯ ಗಾಳಿ ಗನ್ ಬಿಗಿದ ನಟ್ ಟ್ರ್ಯಾಕ್ ಪಕ್ಕ ಬಿಚ್ಚಲು ಬಾರದು.

ಹಂತ 7: ಒಳಗೆ

ಕಂಪನಿಯ ಸೀಟು, ಕಂಪನಿಯ ಮೂರು ಬಿಂದುವಿನ ಬೆಲ್ಟ್ ಹಾಗೇ ಇರಲಿ. ನಾಲ್ಕು ಬಿಂದುವಿನ ಹಾರ್ನೆಸ್ ಚೆಂದ ಕಾಣುತ್ತದೆ, ಆದರೆ ರೋಲ್ ಕೇಜ್ (ಒಳಗಿನ ಕಬ್ಬಿಣದ ಪೈಪಿನ ಚೌಕಟ್ಟು) ಇಲ್ಲದ ಗಾಡಿ ಪಲ್ಟಿಯಾದರೆ ತಗಡು ಕೆಳಗೆ ಬರುತ್ತದೆ, ಹಾರ್ನೆಸ್ ನಿಮ್ಮನ್ನು ನೆಟ್ಟಗೇ ಹಿಡಿದಿರುತ್ತದೆ. ಎರಡು ಕೆಜಿ ಒಣಪುಡಿ ಅಗ್ನಿಶಾಮಕವನ್ನು ಲೋಹದ ಬ್ರ್ಯಾಕೆಟ್‌ನಲ್ಲಿ ಬೋಲ್ಟ್ ಹಾಕಿ ಕೂರಿಸಿ, ಪ್ಲಾಸ್ಟಿಕ್ ಟ್ಯಾಗ್‌ನಲ್ಲಿ ಕಟ್ಟಬೇಡಿ. ಹೆಲ್ಮೆಟ್ ಮುಖ ಪೂರ್ತಿ ಮುಚ್ಚುವಂಥದ್ದು. ಯಾವ ದರ್ಜೆ ನಡೆಯುತ್ತದೆ ಎಂದು ಆಯೋಜಕರ ನಿಯಮಪಟ್ಟಿಯಲ್ಲಿ ಮೊದಲೇ ನೋಡಿಕೊಳ್ಳಿ.

ಸ್ಟೆಪ್ನಿ, ಜಾಕ್, ಮ್ಯಾಟ್, ಪಾರ್ಸೆಲ್ ಟ್ರೇ ಪ್ರಯಾಣದಲ್ಲಿ ಬೇಕು, ಟ್ರ್ಯಾಕ್ ಮೇಲೆ ಬೇಡ. ಒಂದು ತಾಡಪಾಲು ಒಯ್ದರೆ ಟ್ರ್ಯಾಕ್ ಪಕ್ಕ ಗಾಡಿ ನಿಲ್ಲಿಸುವ ಪ್ಯಾಡಾಕ್‌ನಲ್ಲಿ ಎಲ್ಲವನ್ನೂ ಅದರ ಮೇಲೆ ಇಳಿಸಿಡಬಹುದು. ಸೀಟಿನ ಕೆಳಗೆ ಕೈಯಾಡಿಸಿ ನೋಡಿ: ಒಂದು ನೀರಿನ ಬಾಟಲಿ ಉರುಳಿ ಬ್ರೇಕ್ ಪೆಡಲ್ ಹಿಂದೆ ಸಿಕ್ಕರೆ ಮೇಲೆ ಮಾಡಿದ್ದೆಲ್ಲ ವ್ಯರ್ಥ.

ಹಂತ 8: ಊರಲ್ಲೇ ಪರೀಕ್ಷೆ

ಹೊರಡುವ ವಾರಕ್ಕೆ ಮೊದಲು ಬೆಳಗಾವಿ–ಧಾರವಾಡ ಹೋಗಿ ಬನ್ನಿ, ವಿಜಯಪುರದವರಿಗೆ ಸೊಲ್ಲಾಪುರ. ಮಾಮೂಲಿ ವೇಗ ಸಾಕು, ಹೆದ್ದಾರಿ 48 ಟ್ರ್ಯಾಕ್ ಅಲ್ಲ, ಚೋರ್ಲಾ ಘಾಟ್ ಅಂತೂ ಅಲ್ಲವೇ ಅಲ್ಲ. ಮರಳಿದ ಮೇಲೆ ನೋಡಬೇಕಾದ್ದು ಇಷ್ಟು: ಗಾಡಿ ಕೆಳಗೆ ಹಾಸಿದ ರಟ್ಟಿನ ಮೇಲೆ ರಾತ್ರಿ ಕಳೆದು ಯಾವ ಬಣ್ಣದ ಹನಿ ಬಿದ್ದಿದೆ, ವ್ಹೀಲ್ ನಟ್ ಬಿಗಿ ಉಳಿದಿದೆಯೇ, ನಾಲ್ಕೂ ಹಬ್‌ಗಳ ಶಾಖ ಥರ್ಮಾಮೀಟರಿನಲ್ಲಿ ಎಡಬಲ ಸಮವೇ. ಒಂದು ಬದಿ 30 ಡಿಗ್ರಿ ಹೆಚ್ಚು ತೋರಿಸಿದರೆ ಆ ಕ್ಯಾಲಿಪರ್ ಹಿಡಿದುಕೊಂಡಿದೆ, ಹಂತ 2ಕ್ಕೆ ಮರಳಿ.

ಹಂತ 9: ಟ್ರ್ಯಾಕ್ ಮೇಲೆ

1. ಟೈರ್ ಗಾಳಿ ಅಲ್ಲಿಯೇ, ಬೆಳಿಗ್ಗೆ, ಗಾಡಿ ತಣ್ಣಗಿದ್ದಾಗ ನೋಡಿ. ಡಿಸೆಂಬರಿನ ಬೆಳಗಾವಿಯ ಚಳಿಯಲ್ಲಿ ತುಂಬಿದ ಲೆಕ್ಕ ಕೊಯಮತ್ತೂರಿನಲ್ಲಿ ನಡೆಯದು. ಹತ್ತು ಡಿಗ್ರಿ ಶಾಖ ಏರಿದರೆ ಒಂದರಿಂದ ಒಂದೂವರೆ ಪಿಎಸ್‌ಐ ಏರುತ್ತದೆ. ತಣ್ಣಗಿದ್ದಾಗ ಮುಂದೆ 29, ಹಿಂದೆ 28ರಿಂದ ಶುರು ಮಾಡಿ. ಸೆಷನ್ ಮುಗಿಸಿ ಬಂದ ಕೂಡಲೇ ಮುಂದೆ 34ರಿಂದ 36 ಬರುವಂತೆ ಹೊಂದಿಸಿ. ಟೈರಿನ ಭುಜದ ಮೇಲೆ ಸೀಮೆಸುಣ್ಣದ ಗೆರೆ ಎಳೆದಿಡಿ. ಗೆರೆ ಪಕ್ಕದ ಗೋಡೆಯವರೆಗೂ ಅಳಿಸಿದ್ದರೆ ಗಾಳಿ ಕಡಿಮೆ.

2. ಮೊದಲ ಸೆಷನ್ ಪ್ಯಾಡ್ ಹೊಂದಿಸಲು ಮೀಸಲು. ಎಂಟು ಹತ್ತು ಸಲ ನಡುಮಟ್ಟದ ಬಿಗಿಯಲ್ಲಿ ಬ್ರೇಕ್ ಹಾಕಿ ವೇಗ ಇಳಿಸಿ, ಪೂರ್ತಿ ನಿಲ್ಲಿಸಬೇಡಿ. ಆಮೇಲೆ ಎರಡು ಲ್ಯಾಪ್ ಬ್ರೇಕ್ ಮುಟ್ಟದೆ ಆರಿಸಿ.

3. ಟ್ಯಾಂಕ್ ಅರ್ಧಕ್ಕಿಂತ ಕೆಳಗೆ ಇಳಿಸಬೇಡಿ. ಕಾಲು ಟ್ಯಾಂಕಿನಲ್ಲಿ ತಿರುವಿನ ನಡುವೆ ಎಂಜಿನ್ ಕೆಮ್ಮುತ್ತದೆ. ಟ್ರ್ಯಾಕ್‌ನಲ್ಲಿ ಲೀಟರಿಗೆ ಐದಾರು ಕಿಮೀ ಎಂದು ಲೆಕ್ಕ ಹಿಡಿಯಿರಿ. 20 ನಿಮಿಷದ ಒಂದು ಸೆಷನ್ನಿಗೆ ಐದು ಲೀಟರ್ ಹತ್ತಿರ ಬೀಳುತ್ತದೆ.

4. ಐದು ಲ್ಯಾಪ್ ಜೋರು, ಒಂದು ಲ್ಯಾಪ್ ನಿಧಾನ. ಕೊನೆಯ ಲ್ಯಾಪ್ ಯಾವಾಗಲೂ ನಿಧಾನ. ಬಂದು ನಿಂತ ಮೇಲೆ ಹ್ಯಾಂಡ್ ಬ್ರೇಕ್ ಎಳೆಯಬೇಡಿ: ಬಿಸಿ ಡ್ರಮ್ ಆರುತ್ತಾ ಕುಗ್ಗಿ ಶೂ ಹಿಡಿದುಕೊಳ್ಳುತ್ತದೆ. ಗೇರಿನಲ್ಲಿ ಬಿಟ್ಟು ಚಕ್ರಕ್ಕೆ ಕಲ್ಲು ಕೊಡಿ, ಬಾನೆಟ್ ತೆರೆದಿಡಿ. ರೇಡಿಯೇಟರ್ ಕ್ಯಾಪಿಗೆ ಕೈ ಹಾಕಬೇಡಿ.

*ತಕ್ಷಣ ಹೊರಗೆ ಬರಬೇಕಾದ ಸೂಚನೆಗಳು*

ಪೆಡಲ್ ಮೊದಲಿಗಿಂತ ಉದ್ದ ಹೋಗುತ್ತಿದ್ದರೆ ಆಯಿಲ್ ಕುದಿಯತೊಡಗಿದೆ. ಆರಿದ ಮೇಲೆ ಪೆಡಲ್ ಮರಳಿ ಬಂದರೂ ಮತ್ತೆ ಬ್ಲೀಡ್ ಮಾಡದೆ ಇಳಿಯಬೇಡಿ. ಪೆಡಲ್ ಗಟ್ಟಿಯಾಗಿಯೇ ಇದ್ದು ಗಾಡಿ ನಿಲ್ಲದಿದ್ದರೆ ಕಾದದ್ದು ಪ್ಯಾಡ್, ಅದಕ್ಕೆ ಬ್ಲೀಡಿಂಗ್‌ನಿಂದ ಉಪಯೋಗವಿಲ್ಲ, ಲ್ಯಾಪ್ ಕಡಿಮೆ ಮಾಡಬೇಕು ಅಥವಾ ಮೇಲಿನ ದರ್ಜೆಯ ಪ್ಯಾಡ್ ಹಾಕಬೇಕು. ತಿರುವಿನಲ್ಲಿ ಆಯಿಲ್ ದೀಪ ಒಮ್ಮೆ ಮಿಣುಕಿದರೂ ಆಕ್ಸಿಲರೇಟರ್ ಬಿಟ್ಟು ಹೊರಗೆ ಬನ್ನಿ, ಕಡ್ಡಿ ನೋಡಿ. ಗೇಜ್ 105 ದಾಟಿದರೆ ಹೀಟರ್ ಮತ್ತು ಬ್ಲೋವರ್ ಪೂರ್ತಿ ಹಾಕಿ ನಿಧಾನ ಲ್ಯಾಪ್ ಮುಗಿಸಿ. ಇಳಿಯುವ ಬದಲು ಏರುತ್ತಲೇ ಇದ್ದರೆ ಕಾಯಬೇಡಿ, ರಸ್ತೆ ಬಿಟ್ಟು ಎಂಜಿನ್ ಆಫ್ ಮಾಡಿ. ಸ್ಟೀರಿಂಗ್‌ನಲ್ಲಿ ಹೊಸದಾಗಿ ನಡುಕ ಬಂದರೆ ಬ್ರೇಕ್ ಎಂದು ಊಹಿಸುವ ಮುನ್ನ ವ್ಹೀಲ್ ನಟ್ ಮುಟ್ಟಿ ನೋಡಿ.

ಹಂತ 10: ಮರಳಿ ಹೊರಡುವ ಮುನ್ನ

ಗಾಡಿ ಪೂರ್ತಿ ಆರಲು ಒಂದು ತಾಸು ಬಿಡಿ. ವ್ಹೀಲ್ ನಟ್‌ಗಳಿಗೆ ಮತ್ತೆ 85ರ ಬಿಗಿ. ಪ್ಯಾಡ್ 3 ಮಿಮೀಗಿಂತ ಕಡಿಮೆ ಉಳಿದಿದ್ದರೆ ಡಿಕ್ಕಿಯ ಮಾಮೂಲಿ ಪ್ಯಾಡ್ ಹಾಕಿ. ಪಿಸ್ಟನ್ ಹಿಂದಕ್ಕೆ ಒತ್ತಿದ ಮೇಲೆ ರಿಸರ್ವಾಯರ್ ತುಂಬಿ ಹರಿಯದಂತೆ ನೋಡಿ, ಹೊರಡುವ ಮೊದಲು ಪೆಡಲ್ ಗಟ್ಟಿಯಾಗುವವರೆಗೆ ನಿಂತಲ್ಲೇ ಪಂಪ್ ಮಾಡಿ. ಎಂಜಿನ್ ಆಯಿಲ್ ಕಡ್ಡಿ ನೋಡಿ, ಒಂದು ಲೀಟರ್ ಜೊತೆಗಿರಲಿ. ಟೈರ್ ಗಾಳಿಯನ್ನು ಬಾಗಿಲ ಪಕ್ಕದ ಸ್ಟಿಕ್ಕರಿನ ಅಳತೆಗೆ ತನ್ನಿ, ಟೈರುಗಳ ಒಳ ಅಂಚನ್ನು ಕೈಯಿಂದ ಸವರಿ ನೂಲು ತಂತಿ ಕಾಣುತ್ತಿದೆಯೇ ನೋಡಿ, ಸ್ಟೆಪ್ನಿಯನ್ನು ಮತ್ತೆ ಜಾಗಕ್ಕೆ ಬಿಗಿಯಿರಿ. ಸಂಜೆ ದಣಿದು ಹೊರಡುವುದಕ್ಕಿಂತ ರಾತ್ರಿ ಕೊಯಮತ್ತೂರಿನಲ್ಲೇ ಉಳಿದು ನಸುಕಿನಲ್ಲಿ ಬಿಡುವುದು ಒಳ್ಳೆಯದು. ಊರಿಗೆ ಬಂದ ವಾರದೊಳಗೆ ಎಂಜಿನ್ ಆಯಿಲ್ ಮತ್ತು ಬ್ರೇಕ್ ಆಯಿಲ್ ಎರಡನ್ನೂ ಬದಲಿಸಿ.